ಪ್ರೊಸೆಸರ್, ಮದರ್‌ಬೋರ್ಡ್ ಬದಲಿಸುವಾಗ ಸಾಕೆಟ್ ಮುಂದೆ ಅವಸರ ಬೇಡ

ಗೇಮಿಂಗ್ ಕಂಪ್ಯೂಟರ್‌ನ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಬದಲಿಸುವಾಗ ಸ್ಕ್ರೂ ಬಿಚ್ಚುವುದರಲ್ಲಿ, ಕೇಬಲ್ ಸಿಕ್ಕಿಸುವುದರಲ್ಲಿ ಎಡವುವವರು ಕಡಿಮೆ. ನಾನು ನೋಡಿದ ಮಟ್ಟಿಗೆ ಹೊಸ ಬೋರ್ಡು ಕೆಡುವುದು ಪ್ರೊಸೆಸರನ್ನು ಸಾಕೆಟ್‌ನಲ್ಲಿ, ಅಂದರೆ ಬೋರ್ಡಿನ ಮೇಲೆ ಅದಕ್ಕೆಂದೇ ಇರುವ ಜಾಗದಲ್ಲಿ, ಕೂರಿಸುವ ಆ ಅರ್ಧ ನಿಮಿಷದಲ್ಲಿ. ಹಳೆಯ ಫೈಲುಗಳು ಕೈತಪ್ಪುವುದು ಕೇಸ್ ತೆರೆಯುವ ಮೊದಲು ವಿಂಡೋಸ್‌ನಲ್ಲಿ ಮಾಡಬೇಕಾದ ಸಿದ್ಧತೆಯನ್ನು ಬಿಟ್ಟಿದ್ದರಿಂದ. ಆದ್ದರಿಂದ ಇವೆರಡನ್ನು ಇಲ್ಲಿ ವಿಸ್ತಾರವಾಗಿ ಬರೆದಿದ್ದೇನೆ.

ಮೊದಲು, ಈ ಬದಲಾವಣೆ ನಿಮಗೆ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನೀವು ಹೆಚ್ಚಾಗಿ ಆಡುವ ಆಟದಲ್ಲಿ ಫ್ರೇಮ್ ಮಿತಿ ಮತ್ತು ವಿ-ಸಿಂಕ್ (ಫ್ರೇಮ್ ದರವನ್ನು ಮಾನಿಟರ್‌ನ ವೇಗಕ್ಕೆ ಕಟ್ಟುವ ಆಯ್ಕೆ) ಎರಡನ್ನೂ ತೆಗೆದು, ರೆಸಲ್ಯೂಷನ್ ಅನ್ನು 1440ರಿಂದ 1080ಕ್ಕೆ, ಅಲ್ಲಿಂದ 720ಕ್ಕೆ ಇಳಿಸಿ ನೋಡಿ. ಫ್ರೇಮ್ ದರ ಏರುತ್ತಾ ಹೋದರೆ ಆಟವನ್ನು ತಡೆಯುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ಹಣವನ್ನು ಅದಕ್ಕೇ ಎತ್ತಿಡಿ. ದರ ಇದ್ದಲ್ಲೇ ನಿಂತರೆ ಅಡ್ಡಿ ಪ್ರೊಸೆಸರ್‌ನದು. ಎರಡು ಭಾಗಗಳ ಹೆಸರು ಕೇಳಿ ಶೇಕಡಾವಾರು ಲೆಕ್ಕ ತೋರಿಸುವ ಜಾಲತಾಣಗಳನ್ನು ನಂಬಬೇಡಿ. ನೀವು ಯಾವ ಆಟವನ್ನು ಹೇಗೆ ಆಡುತ್ತೀರಿ ಎಂಬುದು ಅವುಗಳಿಗೆ ತಿಳಿದಿರುವುದಿಲ್ಲ. ಎಎಂಡಿ ಕಂಪನಿಯ ಹಳೆಯ ಎಎಂ4 ಸಾಕೆಟ್‌ನ ಬೋರ್ಡ್ ಇರುವವರು ಇನ್ನೊಂದು ದಾರಿಯನ್ನೂ ಯೋಚಿಸಬೇಕು: ಬಯೋಸ್ (ಯಂತ್ರ ಹೊತ್ತಿಕೊಂಡಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ನವೀಕರಿಸಿ ರೈಜನ್ 7 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಹಾಕಿದರೆ ಬೋರ್ಡು, ರ‍್ಯಾಮ್ ಎರಡೂ ಉಳಿಯುತ್ತವೆ.

ಕೊಳ್ಳುವುದೇ ಆದರೆ ಸಾಕೆಟ್ ಮತ್ತು ರ‍್ಯಾಮ್ ಎರಡನ್ನೂ ಜೊತೆಗಿಟ್ಟು ನೋಡಿ. 2022ರಲ್ಲಿ ಬಂದ ಎಎಂಡಿಯ ಎಎಂ5 ಮತ್ತು 2024ರಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ 1851 ಸಾಕೆಟ್‌ಗಳಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಇಂಟೆಲ್‌ನ ಹಿಂದಿನ ಎಲ್‌ಜಿಎ 1700 ಬೋರ್ಡುಗಳಲ್ಲಿ ಡಿಡಿಆರ್4 ಮತ್ತು ಡಿಡಿಆರ್5 ಎಂಬ ಎರಡು ಬಗೆಗಳಿದ್ದು, ಒಂದರ ರ‍್ಯಾಮ್ ಇನ್ನೊಂದಕ್ಕೆ ಹೋಗುವುದಿಲ್ಲ. ಎರಡಕ್ಕೂ 288 ಪಿನ್‌ಗಳಿದ್ದರೂ ನಡುವಿನ ಕಚ್ಚು ಇರುವ ಜಾಗ ಬೇರೆ. ಆಟಕ್ಕೆಂದೇ ಕೊಳ್ಳುವವರಿಗೆ ನಾನು ಹೇಳುವುದು ಎಎಂ5 ಸಾಕೆಟ್‌ನ ಎಕ್ಸ್3ಡಿ (ಹೆಚ್ಚುವರಿ ಕ್ಯಾಶ್ ಮೆಮೊರಿ ಇರುವ) ಪ್ರೊಸೆಸರ್ ಮತ್ತು ಬಿ650 ಅಥವಾ ಬಿ850 ಚಿಪ್‌ಸೆಟ್‌ನ ಸಾಧಾರಣ ಬೋರ್ಡು. ದುಬಾರಿ ಬೋರ್ಡು ಆಟದ ವೇಗವನ್ನು ಹೆಚ್ಚಿಸುವುದಿಲ್ಲ. ಆದರೆ ಬಯೋಸ್ ಫ್ಲ್ಯಾಷ್‌ಬ್ಯಾಕ್ ಗುಂಡಿ ಇಲ್ಲದ ಬೋರ್ಡನ್ನು ಮಾತ್ರ ಕೊಳ್ಳಬೇಡಿ. ಬೋರ್ಡು ತಯಾರಾದ ಮೇಲೆ ಮಾರುಕಟ್ಟೆಗೆ ಬಂದ ಪ್ರೊಸೆಸರನ್ನು ಅದರ ಹಳೆಯ ಬಯೋಸ್ ಗುರುತಿಸದೇ ಹೋಗಬಹುದು. ಆಗ ಫ್ಯಾಟ್32 ರೂಪದ ಪೆನ್‌ಡ್ರೈವ್‌ನಲ್ಲಿ ಕೈಪಿಡಿ ಹೇಳುವ ಹೆಸರಿಟ್ಟ ಫೈಲನ್ನು ಹಾಕಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ, ವಿದ್ಯುತ್ ಕೇಬಲ್‌ಗಳನ್ನಷ್ಟೇ ಜೋಡಿಸಿ ಈ ಗುಂಡಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಬಯೋಸ್ ನವೀಕರಣವಾಗುತ್ತದೆ. ಮಿನುಗುವ ದೀಪ ನಿಲ್ಲುವವರೆಗೆ ವಿದ್ಯುತ್ ತಪ್ಪಿಸಬಾರದು.

ಕೇಸ್ ತೆರೆಯುವ ಮೊದಲು

ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದವರ ಡ್ರೈವ್ ಅವರ ಗಮನಕ್ಕೆ ಬಾರದೆಯೇ ಎನ್‌ಕ್ರಿಪ್ಟ್ ಆಗಿರಬಹುದು. ಅದರ ಬೀಗ ಹಳೆಯ ಯಂತ್ರದ ಟಿಪಿಎಂ ಎಂಬ ಭದ್ರತಾ ಭಾಗಕ್ಕೆ ಕಟ್ಟಿಕೊಂಡಿರುವುದರಿಂದ, ಪ್ರೊಸೆಸರ್ ಮತ್ತು ಬೋರ್ಡ್ ಬದಲಾದ ಕೂಡಲೇ ಪರದೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುವ ನೀಲಿ ಪುಟ ಬರುತ್ತದೆ, ಆ ಕೀ ಎಲ್ಲಿಯೂ ಉಳಿದಿರದಿದ್ದರೆ ಫೈಲುಗಳು ಮರಳಿ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ತೆರೆದು ಅದನ್ನು ಆಫ್ ಮಾಡಿ, ಡಿಕ್ರಿಪ್ಷನ್ ಸಂಪೂರ್ಣ ಮುಗಿಯುವವರೆಗೆ ಕಾಯಿರಿ. ತಾತ್ಕಾಲಿಕವಾಗಿ ತಡೆಹಿಡಿದರೆ ಸಾಕು ಎನ್ನುವವರಿದ್ದಾರೆ. ನಾನು ಪೂರ್ತಿ ತೆಗೆಯಿರಿ ಎನ್ನುತ್ತೇನೆ, ಜೊತೆಗೆ ಕೀಯನ್ನು ಕಾಗದದಲ್ಲಿ ಬರೆದಿಡಿ.

ವಿಂಡೋಸ್ ಪರವಾನಗಿಯನ್ನೂ ಈಗಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳಿ. ಬಿಡಿಯಾಗಿ ಕೊಂಡ ಪರವಾನಗಿ ಹೊಸ ಬೋರ್ಡಿಗೆ ವರ್ಗವಾಗುತ್ತದೆ. ಸಿದ್ಧ ಕಂಪ್ಯೂಟರ್ ಜೊತೆ ಬಂದದ್ದು ಹಳೆಯ ಬೋರ್ಡಿಗೇ ಸೇರಿದ್ದು. ಹೊಸ ಬೋರ್ಡ್‌ನ ನೆಟ್‌ವರ್ಕ್ ಡ್ರೈವರ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಫೈಲುಗಳ ಪ್ರತಿ ತೆಗೆದಿಡಿ.

ಹಳೆಯದನ್ನು ಬಿಚ್ಚುವಾಗ ಎಚ್ಚರ ಬೇಕಾದದ್ದು ಎಎಂ4 ಪ್ರೊಸೆಸರ್ ಇರುವವರಿಗೆ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ದರೆ, ಕೂಲರ್ ಅನ್ನು ನೇರ ಮೇಲಕ್ಕೆ ಎಳೆದಾಗ ಸಾಕೆಟ್‌ನ ಸನ್ನೆ (ಲಿವರ್) ಹಾಕಿರುವಂತೆಯೇ ಪ್ರೊಸೆಸರ್ ಕೂಡ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ. ಬಿಚ್ಚುವ ಮುನ್ನ ಕಾಲು ಗಂಟೆ ಆಟವಾಡಿ ಪೇಸ್ಟನ್ನು ಬಿಸಿ ಮಾಡಿ, ಕಂಪ್ಯೂಟರ್ ಆರಿಸಿ, ವಿದ್ಯುತ್ ತಂತಿ ತೆಗೆದು, ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸುತ್ತಾ ಸಡಿಲಿಸಿ. ಉಳಿದ ಕೇಬಲ್, ಸ್ಕ್ರೂಗಳನ್ನು ಬಿಚ್ಚುವ ಮೊದಲು ಒಂದು ಫೋಟೊ ತೆಗೆದುಕೊಂಡರೆ ಸಾಕು.

ಸಾಕೆಟ್

ಪ್ರೊಸೆಸರ್, ರ‍್ಯಾಮ್, ಎಂ.2 ಡ್ರೈವ್ ಎಲ್ಲವನ್ನೂ ಬೋರ್ಡನ್ನು ಕೇಸಿಗೆ ಹಾಕುವ ಮೊದಲೇ ಕೂರಿಸಬೇಕು. ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಚಪ್ಪಟೆಯಾಗಿ ಇಡಿ, ಕೇಸಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ.

ಎಎಂ5 ಮತ್ತು ಇಂಟೆಲ್ ಸಾಕೆಟ್‌ಗಳಲ್ಲಿ ಪಿನ್‌ಗಳು ಇರುವುದು ಬೋರ್ಡಿನಲ್ಲಿ. ಎಎಂ5ರಲ್ಲಿ 1,718, ಎಲ್‌ಜಿಎ 1700ರಲ್ಲಿ ಹೆಸರೇ ಹೇಳುವಷ್ಟು. ಇವು ಕೂದಲೆಳೆಯಂಥ ಸ್ಪ್ರಿಂಗ್‌ಗಳು; ಬೆರಳು ತಗುಲಿದರೆ ಸಾಲಾಗಿ ಮಲಗುತ್ತವೆ. ಸನ್ನೆಯನ್ನು ಕೆಳಕ್ಕೊತ್ತಿ, ಹೊರಕ್ಕೆ ಸರಿಸಿ, ಮೇಲೆತ್ತಿ ಚೌಕಟ್ಟನ್ನು ತೆರೆಯಿರಿ. ಓರೆಯಾಗಿ ಬೆಳಕು ಬಿಟ್ಟು ಪಿನ್‌ಗಳನ್ನು ನೋಡಿ: ಎಲ್ಲವೂ ಒಂದೇ ದಿಕ್ಕಿಗೆ ಬಾಗಿ ಒಂದೇ ಸಮನೆ ಹೊಳೆಯಬೇಕು. ನಡುವೆ ಒಂದು ಚುಕ್ಕೆ ಬೇರೆ ಬಗೆಯಲ್ಲಿ ಮಿನುಗಿದರೆ ಆ ಪಿನ್ ಬಾಗಿದೆ. ಆ ಬೋರ್ಡನ್ನು ಮುಂದೆ ಮುಟ್ಟದೆ ಹಿಂದಿರುಗಿಸಿ. ಸರಿಯಿದ್ದರೂ ಒಂದು ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳಿ, ವಾರಂಟಿಯ ಮಾತು ಬಂದಾಗ ಅದೇ ಸಾಕ್ಷಿ.

ಚೌಕಟ್ಟಿಗೆ ಸಿಕ್ಕಿಸಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಕೈಯಿಂದ ತೆಗೆಯಬೇಡಿ. ತೆಗೆಯುವಾಗ ಅದೇ ಜಾರಿ ಪಿನ್‌ಗಳ ಮೇಲೆ ಬೀಳುವುದುಂಟು. ಪ್ರೊಸೆಸರನ್ನು ಅಂಚುಗಳಲ್ಲಷ್ಟೇ ಹಿಡಿಯಿರಿ. ಅದರ ಮೂಲೆಯ ಸಣ್ಣ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಅಂಚಿನ ಕಚ್ಚುಗಳು ಎದುರು ಬದುರಾಗಿವೆಯೇ ಎಂದು ನೋಡಿ, ನೇರವಾಗಿ ಇಳಿಸಿ, ಕೂತ ಮೇಲೆ ಬೆರಳು ಬಿಡಿ. ಮೇಲಿನಿಂದ ಒತ್ತುವುದು ಬೇಡ, ಸರಿಸಿ ಹೊಂದಿಸುವುದಂತೂ ಬೇಡವೇ ಬೇಡ. ಓರೆಯಾಗಿ ಕೂತಿದ್ದರೆ ನೇರ ಮೇಲೆತ್ತಿ ಮತ್ತೆ ಇಳಿಸಿ. ಚೌಕಟ್ಟು ಮುಚ್ಚಿ ಸನ್ನೆಯನ್ನು ಕೆಳಗಿಳಿಸುವಾಗ ಸಾಕಷ್ಟು ಬಲ ಬೇಕಾಗುತ್ತದೆ, ಕಿರುಗುಟ್ಟುವ ಸದ್ದೂ ಬರುತ್ತದೆ. ಇಲ್ಲಿ ಹೆದರಿ ಅರ್ಧಕ್ಕೆ ನಿಲ್ಲಿಸುವವರನ್ನು ಕಂಡಿದ್ದೇನೆ. ಪ್ರೊಸೆಸರ್ ಸಮನಾಗಿ ಕೂತಿದ್ದರೆ ಆ ಬಲ ಸಹಜವಾದದ್ದು. ಒತ್ತಡಕ್ಕೆ ಮುಚ್ಚಳ ತಾನಾಗಿ ಹಾರಿ ಬರುತ್ತದೆ. ಅದನ್ನು ಎಸೆಯಬೇಡಿ, ಅದಿಲ್ಲದೆ ಬೋರ್ಡನ್ನು ವಾರಂಟಿಗೆ ತೆಗೆದುಕೊಳ್ಳದಿರುವುದುಂಟು.

ಎಲ್‌ಜಿಎ 1700 ಪ್ರೊಸೆಸರ್ ಸ್ವಲ್ಪ ಬಾಗುತ್ತದೆಂದು ಸಾಕೆಟ್‌ನ ಮೂಲ ಚೌಕಟ್ಟನ್ನೇ ಕಳಚಿ ಹಾಕುವ ಬದಲಿ ಚೌಕಟ್ಟುಗಳು ಸಿಗುತ್ತವೆ. ಮೊದಲ ಬಾರಿ ಈ ಕೆಲಸಕ್ಕೆ ಇಳಿದವರು ಅವುಗಳ ಗೊಡವೆಗೆ ಹೋಗಬಾರದು. ಸ್ಕ್ರೂಗಳ ಬಿಗಿ ಏರುಪೇರಾದರೆ ರ‍್ಯಾಮ್‌ನ ಒಂದು ಸಾಲು ಕಾಣಿಸದೇ ಹೋಗುತ್ತದೆ, ಕಾರಣ ಹುಡುಕುವುದರಲ್ಲಿ ದಿನ ಕಳೆಯುತ್ತದೆ.

ಪೇಸ್ಟ್ ನಡುಭಾಗಕ್ಕೆ ಬಟಾಣಿ ಕಾಳಿನಷ್ಟು ಹಾಕಿ; ಕೂಲರ್‌ನ ಒತ್ತಡವೇ ಅದನ್ನು ಹರಡುತ್ತದೆ. ಲಿಕ್ವಿಡ್ ಮೆಟಲ್ ಮಾತ್ರ ಬೇಡ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಬೋರ್ಡಿನ ಮೇಲೆ ಹನಿ ಬಿದ್ದರೆ ಶಾರ್ಟ್ ಆಗುತ್ತದೆ. ಕೂಲರ್‌ನ ತಳದ ಪಾರದರ್ಶಕ ಹಾಳೆಯನ್ನು ಸುಲಿದು, ಸ್ಕ್ರೂಗಳನ್ನು ಕರ್ಣಾಕಾರವಾಗಿ ಒಂದೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿಮಾಡಿ. ಎಲ್‌ಜಿಎ 1200ರವರೆಗೆ 75 ಮಿಲಿಮೀಟರ್ ಇದ್ದ ಕೂಲರ್ ರಂಧ್ರಗಳ ಅಂತರ 1700 ಮತ್ತು 1851ರಲ್ಲಿ 78 ಆಗಿರುವುದರಿಂದ, ಹಳೆಯ ಕೂಲರ್‌ಗೆ ಹೊಸ ಬ್ರ್ಯಾಕೆಟ್ ತರಿಸಿಕೊಳ್ಳಬೇಕು. ರ‍್ಯಾಮ್ ಎರಡೇ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ.

ಕೇಸಿನೊಳಗೆ ಬೋರ್ಡಿನ ರಂಧ್ರಗಳಿಗೆ ಸರಿಹೊಂದದ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಲೋಹದ ಗೂಟ) ಒಂದಿದ್ದರೂ ತೆಗೆದುಬಿಡಿ, ಅದು ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಮಾಡುತ್ತದೆ. ಕೇಬಲ್‌ಗಳಲ್ಲಿ ಒಂದೇ ಮಾತು: ಬೋರ್ಡಿನ ಮೇಲಂಚಿನ 8 ಪಿನ್‌ಗೆ ಹೋಗುವುದು ನಾಲ್ಕು-ನಾಲ್ಕಾಗಿ ಸೀಳುವ ಸಿಪಿಯು ಕೇಬಲ್, ಆರು-ಎರಡಾಗಿ ಸೀಳುವುದು ಗ್ರಾಫಿಕ್ಸ್ ಕಾರ್ಡಿಗೆ. ಬೇರೆ ಪವರ್ ಸಪ್ಲೈನ ಕೇಬಲನ್ನು, ತುದಿ ಹೊಂದಿದರೂ, ಬಳಸಬೇಡಿ. ಒಳಗಿನ ತಂತಿಗಳ ಕ್ರಮ ಬೇರೆ ಇದ್ದರೆ ಭಾಗಗಳು ಸುಟ್ಟುಹೋಗುತ್ತವೆ.

ಮೊದಲ ಬಾರಿ ಹೊತ್ತಿಸಿದಾಗ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಡಿಡಿಆರ್5 ರ‍್ಯಾಮ್ ಇರುವ ಯಂತ್ರ, ಅದರಲ್ಲೂ ಎಎಂ5, ಮೊದಲ ಬಾರಿ ಮೆಮೊರಿ ಟ್ರೈನಿಂಗ್, ಅಂದರೆ ರ‍್ಯಾಮ್‌ಗೆ ಹೊಂದಿಕೊಳ್ಳುವ ಪರೀಕ್ಷೆ, ಮಾಡುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಕೆಟ್ಟಿತೆಂದು ನಡುವೆ ಆರಿಸಿದರೆ ಆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಕಾಲು ಗಂಟೆ ಬಿಟ್ಟುಬಿಡಿ. ಆಮೇಲೂ ಚಿತ್ರ ಬಾರದಿದ್ದರೆ ಬೋರ್ಡಿನ ಅಂಚಿನ ನಾಲ್ಕು ಸಣ್ಣ ದೀಪಗಳಲ್ಲಿ ಯಾವುದು ಉರಿಯುತ್ತಿದೆ ಎಂದು ನೋಡಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಇವುಗಳಲ್ಲಿ ತೊಡಕು ಎಲ್ಲಿದೆ ಎಂಬುದನ್ನು ಅದು ಹೇಳುತ್ತದೆ.

ಬಯೋಸ್‌ನಲ್ಲಿ ಎಎಂಡಿಯಾದರೆ ಎಕ್ಸ್‌ಪೋ, ಇಂಟೆಲ್ ಆದರೆ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡದಿದ್ದರೆ, 6000 ಎಂದು ಬರೆದ ರ‍್ಯಾಮ್ ಕೂಡ 4800ರಂಥ ವೇಗದಲ್ಲಿ ಓಡುತ್ತದೆ. ವೋಲ್ಟೇಜ್‌ಗಳಿಗೆ ಕೈ ಹಾಕಬೇಡಿ. ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ಹಾಕಿದವರು ಆಟಕ್ಕೆ ಕೂರುವ ಮೊದಲೇ ಹೊಸ ಬಯೋಸ್ ಹಾಕಿಕೊಳ್ಳಲೇಬೇಕು, ಏಕೆಂದರೆ ಹೆಚ್ಚಿನ ವೋಲ್ಟೇಜ್‌ನಿಂದ ಈ ಪ್ರೊಸೆಸರ್‌ಗಳು ಅಸ್ಥಿರವಾಗುತ್ತಿದ್ದುದಕ್ಕೆ ಪರಿಹಾರ ಬಂದದ್ದು 2024ರ ಆಗಸ್ಟ್‌ನಿಂದ ಈಚಿನ ಆವೃತ್ತಿಗಳಲ್ಲಿ.

ಹಳೆಯ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ತೆರೆದುಕೊಳ್ಳುತ್ತದೆ. ಆದರೂ ಇಂಟೆಲ್‌ನಿಂದ ಎಎಂಡಿಗೆ, ಅಥವಾ ಅಲ್ಲಿಂದ ಇತ್ತ ಬಂದವರು ಹೊಸದಾಗಿ ಅನುಸ್ಥಾಪಿಸುವುದೇ ಲೇಸು. ಚಿಪ್‌ಸೆಟ್ ಡ್ರೈವರನ್ನು ತಯಾರಕರ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹಾಕುವುದಾಗಿ ಹೇಳುವ ತಂತ್ರಾಂಶಗಳನ್ನು ದೂರವಿಡಿ.

ಕಡೆಯದಾಗಿ, ಅರ್ಧ ಗಂಟೆ ಭಾರವಾದ ಆಟವೊಂದನ್ನು ಓಡಿಸಿ ಪ್ರೊಸೆಸರ್‌ನ ಉಷ್ಣತೆ ನೋಡಿ. ರೈಜನ್ 7 7800ಎಕ್ಸ್3ಡಿಯ ಮಿತಿ 89 ಡಿಗ್ರಿ ಸೆಲ್ಸಿಯಸ್, ಎಕ್ಸ್3ಡಿ ಅಲ್ಲದ ರೈಜನ್ 7000 ಪ್ರೊಸೆಸರ್‌ಗಳದು 95. ಆಟ ಶುರುವಾದ ಕೆಲವೇ ಕ್ಷಣಗಳಲ್ಲಿ ಮಿತಿ ಮುಟ್ಟುತ್ತಿದ್ದರೆ ಫ್ಯಾನ್ ವೇಗ ತಿದ್ದುತ್ತಾ ಕೂರಬೇಡಿ. ಕಂಪ್ಯೂಟರ್ ಆರಿಸಿ ಕೂಲರ್ ಬಿಚ್ಚಿ, ತಳದ ಹಾಳೆ ಹಾಗೇ ಉಳಿದಿದೆಯೇ, ಪೇಸ್ಟ್ ಒಂದೇ ಬದಿಗೆ ಸರಿದಿದೆಯೇ ಎಂದು ನೋಡಿ, ಪೂರ್ತಿ ಒರೆಸಿ, ಹೊಸ ಪೇಸ್ಟ್ ಹಾಕಿ ಮತ್ತೆ ಬಿಗಿಮಾಡಿ.