ಹೆಣ್ಣು ಬೆಟ್ಟಾ ಸಾಕಿ, ಗಂಡಿನ ಜೊತೆ ಬಿಡಲು ಮಾತ್ರ ಅವಸರ ಬೇಡ

"ಗಂಡು ಗೂಡು ಕಟ್ಟಿಬಿಟ್ಟಿದೆ, ಹೆಣ್ಣನ್ನು ಒಳಗೆ ಬಿಡ್ಲಾ?" ಬೆಟ್ಟಾ, ಅಂದರೆ ಫೈಟರ್ ಮೀನು, ಸಾಕುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಗೂಡು ಅಂದರೆ ಮೊಟ್ಟೆ ಇಡಲು ಗಂಡು ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ಕಟ್ಟುವ ನೊರೆಯ ಗೂಡು. ನಾನು ಬೇಡ ಅನ್ನುವಷ್ಟರಲ್ಲಿ ಬಿಟ್ಟಾಗಿರುತ್ತದೆ. ಬೆಳಗ್ಗೆ ನೋಡಿದರೆ ಬಾಲ ಚಿಂದಿಯಾದ ಹೆಣ್ಣು ಮೂಲೆಯಲ್ಲಿ ಏದುಸಿರು ಬಿಡುತ್ತಾ ಬಿದ್ದಿರುತ್ತದೆ. ಮೊದಲ ಸಲ ನಾನೂ ಇದೇ ಮಾಡಿದ್ದೆ, ಹಾಗಾಗಿ ಬೈಯುವ ಹಕ್ಕು ನನಗೂ ಅಷ್ಟಾಗಿ ಇಲ್ಲ.

ಮೊದಲು ಅದು ಹೆಣ್ಣೇನಾ ನೋಡಿ. ನಗಬೇಡಿ. ಉದ್ದ ಬಾಲದ ಗಂಡನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಆದರೆ ಪ್ಲಕಾಟ್ ಅನ್ನುವ ಗಿಡ್ಡ ಬಾಲದ ಗಂಡು, ಅದರಲ್ಲೂ ಎರಡು ಮೂರು ತಿಂಗಳ ಮರಿ, ಥೇಟ್ ಹೆಣ್ಣಿನ ಹಾಗೇ ಕಾಣುತ್ತದೆ. ಹೆಣ್ಣೆಂದು ನಾನು ತಂದ ಒಂದು ಮೀನು ಆರು ವಾರದ ಮೇಲೆ ತಾನೇ ಗೂಡು ಕಟ್ಟಿ ಕೂತಿತ್ತು. ಹೆಣ್ಣಿಗೆ ಹೊಟ್ಟೆಯ ಕೆಳಗೆ, ಹಿಂದಿನ ಉದ್ದ ರೆಕ್ಕೆ ಶುರುವಾಗುವ ಜಾಗದ ಸ್ವಲ್ಪ ಮುಂದೆ, ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇರುತ್ತದೆ. ಮೊಟ್ಟೆ ಹೊರಬರುವ ನಳಿಗೆಯ ತುದಿ ಅದು. ಎಳೆಯ ಗಂಡಿನಲ್ಲೂ ಕೆಲವೊಮ್ಮೆ ಹಾಗೆ ಕಾಣುವುದರಿಂದ ಕನ್ನಡಿ ಹಿಡಿದು ಕಿವಿರು ಅಗಲಿಸುವಂತೆ ಮಾಡಿ. ಕಿವಿರಿನ ಕೆಳಗಿನ ಪೊರೆ ದೊಡ್ಡ ಗಡ್ಡದ ಹಾಗೆ ಬಿಚ್ಚಿಕೊಂಡರೆ ಗಂಡು. ಹೆಣ್ಣಿನ ಗಡ್ಡ ಚಿಕ್ಕದು.

ಮನೆ ವಿಷಯ ಬೇಗ ಮುಗಿಸುತ್ತೇನೆ. ಒಂದು ಹೆಣ್ಣಿಗೆ 20 ಲೀಟರ್ ಟ್ಯಾಂಕ್, ಸ್ಪಾಂಜ್ ಫಿಲ್ಟರ್, 25ರಿಂದ 28 ಡಿಗ್ರಿ ನೀರು, ಮೇಲೆ ಮುಚ್ಚಳ, ಯಾಕೆಂದರೆ ಚೆನ್ನಾಗಿ ಜಿಗಿಯುತ್ತದೆ. ಬೆಟ್ಟಾ ಮೇಲೆ ಬಂದು ಗಾಳಿಯನ್ನೂ ನುಂಗಿ ಉಸಿರಾಡುತ್ತದೆ, ಅದನ್ನೇ ನೆಪ ಮಾಡಿ ಹೂದಾನಿಯಂಥ ಬೌಲ್‌ಗಳನ್ನು ಮಾರುತ್ತಾರೆ. ತಗೊಳ್ಳಬೇಡಿ. ಗಾಳಿ ಸಿಗುತ್ತದೆ ನಿಜ, ಆದರೆ ಅದರ ಮಲದಿಂದ ಹುಟ್ಟುವ ಅಮೋನಿಯಾ ಎಲ್ಲಿಗೆ ಹೋಗಬೇಕು? ಮೀನು ಬಿಡುವ ಮುಂಚೆ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಾಗುವ ನೈಟ್ರೈಟ್, ಎರಡು ವಿಷಗಳೂ ಸೊನ್ನೆ ತೋರಿಸಬೇಕು. ಹೊಸ ಫಿಲ್ಟರ್ ಅಷ್ಟು ಪಳಗಲು, ಅಂದರೆ ಈ ವಿಷ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲು, ನಾಲ್ಕಾರು ವಾರ ಬೇಕು. ಆರೋಗ್ಯವಾಗಿರುವ ಹಳೇ ಟ್ಯಾಂಕಿನ ಕೊಳಕು ಸ್ಪಾಂಜ್ ತಂದು ಹಾಕಿದರೆ ಬೇಗ ಆಗುತ್ತದೆ, ನಾನು ಒಪ್ಪುವ ಶಾರ್ಟ್‌ಕಟ್ ಇದೊಂದೇ. "ಒಂದೇ ದಿನದಲ್ಲಿ ಟ್ಯಾಂಕ್ ರೆಡಿ" ಅನ್ನುವ ಬಾಟಲಿಯನ್ನು ನಂಬುವುದಾದರೆ ಪಕ್ಕದಲ್ಲಿ ಟೆಸ್ಟ್ ಕಿಟ್ ಇಟ್ಟುಕೊಂಡು ನಂಬಿ.

ಹೆಣ್ಣುಗಳು ಜಗಳ ಆಡುವುದಿಲ್ಲ ಅನ್ನುವ ಮಾತು ಸುಳ್ಳು. ಎರಡು ಮೂರು ಹೆಣ್ಣು ಒಟ್ಟಿಗೆ ಬಿಟ್ಟರೆ ಒಂದು ರೌಡಿ ಆಗುತ್ತದೆ, ಇನ್ನೊಂದು ಊಟ ಬಿಡುತ್ತದೆ. ಗುಂಪು ಬೇಕೇ ಬೇಕು ಅಂದರೆ 80 ಲೀಟರಿಗಿಂತ ದೊಡ್ಡ ಟ್ಯಾಂಕ್, ಕಣ್ಣು ಹಾಯದಷ್ಟು ಗಿಡ, ಒಟ್ಟಿಗೆ ಬೆಳೆದ ಐದಾರು ಅಕ್ಕತಂಗಿಯರು, ಜೊತೆಗೆ ಜಗಳಗಂಟಿಯನ್ನು ಎತ್ತಿಡಲು ಇನ್ನೊಂದು ಟ್ಯಾಂಕ್ ಬೇಕು. ನನ್ನ ಮಾತು ಕೇಳುವುದಾದರೆ ಒಂದೊಂದೇ ಸಾಕಿ.

ಇನ್ನು ಮರಿ ಮಾಡಿಸುವ ವಿಷಯ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದೆ, ಗಂಡು ಸಿಗದಿದ್ದರೆ ಹೆಣ್ಣು ಸತ್ತೇ ಹೋಗುತ್ತದೆ ಎಂದು ಹೆದರಿಸುವವರು ಇದ್ದಾರೆ. ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲ. ಮೊಟ್ಟೆಯನ್ನು ಮೈಯೇ ಹೀರಿಕೊಳ್ಳುತ್ತದೆ, ಇಲ್ಲವೇ ಹೆಣ್ಣು ಉದುರಿಸಿ ತಾನೇ ತಿನ್ನುತ್ತದೆ. ಹೊಟ್ಟೆ ಒತ್ತಿ ತೆಗೆಯಲು ಮಾತ್ರ ಹೋಗಬೇಡಿ. ಮರಿ ಮಾಡಿಸಲೇಬೇಕು ಅನಿಸಿದರೆ ಮೊದಲು ಜಾರ್‌ಗಳನ್ನು ಎಣಿಸಿ. ಒಂದೇ ಸಲಕ್ಕೆ ನೂರಿನ್ನೂರು ಮೊಟ್ಟೆ ಬರಬಹುದು, ಬೆಳೆದ ಗಂಡು ಮರಿಗಳಿಗೆ ಒಂದೊಂದಕ್ಕೂ ಬೇರೆ ಜಾಗ ಬೇಕು, ದಿನಾ ಅಷ್ಟೂ ಜಾರ್‌ನ ನೀರು ಬದಲಿಸಬೇಕು. ಇದನ್ನು ಕೇಳಿ ಅರ್ಧ ಜನ ಸುಮ್ನಾಗುತ್ತಾರೆ. ಒಳ್ಳೆಯದೇ.

ಗಟ್ಟಿ ಇದ್ದವರು ಮುಂದೆ ಬನ್ನಿ. ಗಂಡು ಹೆಣ್ಣು ಎರಡನ್ನೂ ಬೇರೆ ಬೇರೆ ಇಟ್ಟು ಹತ್ತು ಹದಿನಾಲ್ಕು ದಿನ ಸೊಳ್ಳೆಮರಿ, ಡಾಫ್ನಿಯಾ, ಆರ್ಟೀಮಿಯಾದಂಥ ಪುಟ್ಟ ನೀರಜೀವಿಗಳನ್ನು ತಿನ್ನಿಸಿ. ಮರಿ ಮಾಡಿಸುವ ಟ್ಯಾಂಕಿಗೆ 12ರಿಂದ 15 ಸೆಂಟಿಮೀಟರ್ ನೀರು ಸಾಕು, 27-28 ಡಿಗ್ರಿ ಇರಲಿ. ತಳದಲ್ಲಿ ಕಲ್ಲು ಬೇಡ, ಬಿದ್ದ ಮೊಟ್ಟೆ ಗಂಡಿಗೆ ಸಿಗುವುದಿಲ್ಲ. ಗೂಡಿಗೆ ಥರ್ಮಾಕೋಲ್ ಲೋಟವನ್ನು ಉದ್ದಕ್ಕೆ ಸೀಳಿ ಅರ್ಧ ತೇಲಿಬಿಡಿ, ಒಂದು ಒಣಗಿದ ಕಾಡುಬಾದಾಮಿ ಎಲೆ ಹಾಕಿ, ಇನ್ನೊಂದು ತುದಿಯಲ್ಲಿ ಹೆಣ್ಣು ಅಡಗಲು ಪಾಚಿಯ ದಟ್ಟ ಪೊದೆ ಮಾಡಿ. ಈ ಪೊದೆಯಲ್ಲಿ ಜಿಪುಣತನ ಬೇಡ.

ಈಗ ಎಲ್ಲರೂ ಎಡವುವ ಹಂತ. ಗಂಡನ್ನು ಮೊದಲು ಬಿಡಿ, ಜಾಗ ತನ್ನದು ಅನ್ನಿಸಲಿ. ಹೆಣ್ಣನ್ನು ಎರಡೂ ಕಡೆ ತೆರೆದಿರುವ ಗಾಜಿನ ಚಿಮಣಿಯಲ್ಲೋ, ಬುಡ ಕತ್ತರಿಸಿದ ಪಾರದರ್ಶಕ ಬಾಟಲಿಯಲ್ಲೋ ಹಾಕಿ ಅದೇ ಟ್ಯಾಂಕಿನಲ್ಲಿ ನಿಲ್ಲಿಸಿ. ಬಾಟಲಿಯ ಬಾಯಿ ನೀರಿಗಿಂತ ಮೇಲಿರಬೇಕು, ಹೆಣ್ಣಿಗೆ ಗಾಳಿ ಸಿಗಬೇಕಲ್ವಾ. ಗಂಡು ನೋಡುತ್ತದೆ, ಕಿವಿರು ಅಗಲಿಸಿ ಕುಣಿಯುತ್ತದೆ, ಗಾಜಿಗೆ ಗುದ್ದುತ್ತದೆ. ಇದು ಪ್ರೀತಿಯಲ್ಲ, ಇನ್ನೂ ಸಿಟ್ಟೇ. ಗುದ್ದುವುದನ್ನು ಬಿಟ್ಟು ಗೂಡಿಗೆ ಹೋಗುವುದು, ಎರಡು ಗುಳ್ಳೆ ಸೇರಿಸುವುದು, ಮತ್ತೆ ಬಂದು ಕರೆಯುವುದು, ಹೀಗೆ ಓಡಾಡಲು ಶುರುಮಾಡಬೇಕು. ಆದರೆ ಗೂಡು ಗಂಡಿನ ಒಪ್ಪಿಗೆ ಅಷ್ಟೇ. ಹೆಣ್ಣಿನ ಒಪ್ಪಿಗೆ ಅದರ ಮೈಮೇಲೆ ಬರೆದಿರುತ್ತದೆ. ಮೇಲಿನಿಂದ ಕೆಳಕ್ಕೆ ನಸುಬಣ್ಣದ ಪಟ್ಟಿಗಳು ಮೂಡಿ, ತಲೆ ತಗ್ಗಿಸಿ ಗಂಡಿನ ಕಡೆ ತಿರುಗಿದರೆ ಸಿದ್ಧ. ತಲೆಯಿಂದ ಬಾಲಕ್ಕೆ ಉದ್ದುದ್ದ ಗೆರೆ ಬಂದರೆ ಅದು ಹೆದರಿದೆ ಎಂದರ್ಥ. ಅಡ್ಡ ಉದ್ದ ಗೊತ್ತಾಗದೆ ಎಷ್ಟೋ ಹೆಣ್ಣುಗಳು ಏಟು ತಿಂದಿವೆ. ತಿಳಿ ಬಣ್ಣದ ಮೀನಿನಲ್ಲಿ ಪಟ್ಟಿ ಕಾಣುವುದೇ ಇಲ್ಲ, ಆಗ ಅದರ ನಡತೆಯನ್ನೇ ನೋಡಬೇಕು: ಗಾಜಿನಿಂದ ದೂರ ಹೋಗಲು ಒದ್ದಾಡುತ್ತಿದೆಯೋ, ಗಂಡು ಎಲ್ಲಿ ಹೋದರೆ ಅಲ್ಲಿಗೆ ತಿರುಗುತ್ತಿದೆಯೋ?

ಕನಿಷ್ಠ ಒಂದು ದಿನ ಹೀಗೇ ಇಡಿ, ಎರಡಾದರೂ ನಷ್ಟವಿಲ್ಲ. ಬಿಡುವುದು ಬೆಳಗ್ಗೆಯೇ, ಅದೂ ನೀವು ಇಡೀ ದಿನ ಮನೆಯಲ್ಲಿರುವ ದಿನ. ನಾನು ಸಂಜೆ ಬಿಟ್ಟು, ದೀಪ ಆರಿಸಿ ಮಲಗಿದ್ದೇ ತಪ್ಪಾಗಿದ್ದು. ಬಾಟಲಿಯನ್ನು ಮೆಲ್ಲಗೆ ಮೇಲೆತ್ತಿ, ಆಮೇಲೆ ಕೈ ಹಾಕಬೇಡಿ. ಅಟ್ಟಿಸಿಕೊಂಡು ಹೋಗುವುದು, ಒಂದೆರಡು ರೆಕ್ಕೆ ಹರಿಯುವುದು ಇದ್ದದ್ದೇ. ಹೆಣ್ಣು ಅಡಗಿ ಮತ್ತೆ ತಾನೇ ಗೂಡಿನ ಕಡೆ ಬರುತ್ತಿದ್ದರೆ ಬಿಡಿ. ಹೊರಗೇ ಬರದೆ ಬಣ್ಣಗೆಟ್ಟರೆ, ಹುರುಪೆ ಕಿತ್ತು ಬಂದರೆ, ಗಾಳಿಗೆ ಮೇಲೆ ಬರಲೂ ಗಂಡು ಬಿಡದಿದ್ದರೆ ಆ ಕ್ಷಣವೇ ಎತ್ತಿ. ಸಂಜೆಯೊಳಗೆ ಏನೂ ಆಗದಿದ್ದರೂ ಎತ್ತಿ. ವಾರ ಬಿಟ್ಟು ಮತ್ತೆ ನೋಡೋಣ.

ಎಲ್ಲ ಸರಿ ಹೋದರೆ ಗೂಡಿನ ಕೆಳಗೆ ಗಂಡು ಹೆಣ್ಣನ್ನು ಸುತ್ತಿ ಅಪ್ಪಿಕೊಳ್ಳುತ್ತದೆ. ಬಿಟ್ಟ ಮೇಲೆ ಹೆಣ್ಣು ಕೆಲವು ಸೆಕೆಂಡು ಸತ್ತಂತೆ ತೇಲುತ್ತದೆ, ಗಾಬರಿ ಬೇಡ. ಬಿಳಿ ಮೊಟ್ಟೆಗಳು ಉದುರುತ್ತವೆ, ಗಂಡು ಬಾಯಲ್ಲಿ ಹೆಕ್ಕಿ ಗೂಡಿಗೆ ಅಂಟಿಸುತ್ತದೆ. ಇದು ಗಂಟೆಗಟ್ಟಲೆ ನಡೆಯುತ್ತದೆ. ಕೊನೆಗೆ ಗಂಡು ಹೆಣ್ಣನ್ನು ಓಡಿಸತೊಡಗಿದ ಕೂಡಲೇ ಹೆಣ್ಣನ್ನು ಅದರ ಮನೆಗೆ ವಾಪಸ್ ಹಾಕಿ, ನೀರು ಶುಚಿಯಾಗಿಟ್ಟು ಚೆನ್ನಾಗಿ ತಿನ್ನಲು ಕೊಡಿ.

ಒಂದೂವರೆ ಎರಡು ದಿನದಲ್ಲಿ ಮೊಟ್ಟೆ ಒಡೆದು ಮರಿಗಳು ಬಾಲ ಕೆಳಗೆ ಮಾಡಿ ನೇತಾಡುತ್ತವೆ. ಇನ್ನೆರಡು ಮೂರು ದಿನದಲ್ಲಿ ಅಡ್ಡಡ್ಡ ಈಜಿದಾಗ ಗಂಡನ್ನೂ ತೆಗೆಯಿರಿ. ಮರಿಗೆ ಮೊದಲು ಇನ್ಫ್ಯೂಸೋರಿಯಾ ಅನ್ನುವ ಸೂಕ್ಷ್ಮ ನೀರಜೀವಿಗಳು ಇಲ್ಲವೇ ಮೈಕ್ರೋವರ್ಮ್ ಅನ್ನುವ ಸಣ್ಣ ಹುಳು, ಆಮೇಲೆ ಆಗಷ್ಟೇ ಒಡೆದ ಆರ್ಟೀಮಿಯಾ. ಇವನ್ನು ಗಂಡು ಹೆಣ್ಣು ಸೇರುವ ಮುಂಚೆಯೇ ಬೆಳೆಸಿಟ್ಟಿರಬೇಕು, ಮರಿ ಬಂದ ಮೇಲೆ ಹುಡುಕಿದರೆ ತಡವಾಯಿತು. ಮೊಟ್ಟೆಯ ಹಳದಿ ಕರಗಿಸಿ ಹಾಕಿ ಅನ್ನುತ್ತಾರೆ. ಒಂದು ಹನಿ ಜಾಸ್ತಿಯಾದರೂ ನೀರು ನಾರುತ್ತದೆ, ನಾನಂತೂ ಹಾಕುವುದಿಲ್ಲ. ಮುಚ್ಚಳವನ್ನು ಮಾತ್ರ ಮೊದಲ ಆರು ವಾರ ಬಿಗಿಯಾಗಿಡಿ. ಗಾಳಿ ಉಸಿರಾಡುವ ಅಂಗ ಬೆಳೆಯುವುದು ಆಗಲೇ, ತಣ್ಣನೆ ಒಣಗಾಳಿ ಬಡಿಯಬಾರದು.

ಎರಡೂವರೆ ತಿಂಗಳ ಆಸುಪಾಸಿನಲ್ಲಿ ಗಂಡು ಮರಿಗಳು ಕಚ್ಚಾಡುತ್ತವೆ. ಎಣಿಸಿಟ್ಟ ಜಾರ್‌ಗಳನ್ನು ಈಗ ಹೊರತೆಗೆಯಿರಿ. ನಡುವೆ ರಟ್ಟಿನ ತುಂಡು ನಿಲ್ಲಿಸಿ, ಇಲ್ಲದಿದ್ದರೆ ದಿನವಿಡೀ ಒಂದನ್ನೊಂದು ನೋಡಿ ಕಿವಿರು ಅಗಲಿಸುತ್ತಾ ದಣಿಯುತ್ತವೆ. ಹೆಣ್ಣು ಮರಿಗಳು ಸದ್ಯಕ್ಕೆ ಒಟ್ಟಿಗಿರಲಿ, ಬಾಲ ಹರಿದದ್ದು ಕಂಡಾಗ ಏಟು ತಿಂದವಳನ್ನಲ್ಲ, ಕಚ್ಚಿದವಳನ್ನು ಹುಡುಕಿ ಬೇರೆ ಮಾಡಿ.