ಮೂಡಲ್‌ಗೆ ಟರ್ನಿಟಿನ್ ಜೋಡಿಸುವಾಗ ನಾನು ಎಡವಿದ ಕಡೆಗಳು

ಆನ್‌ಲೈನ್ ತರಗತಿ ನಡೆಸುವ ತಂತ್ರಾಂಶವಾದ ಮೂಡಲ್‌ಗೆ ಕೃತಿಚೌರ್ಯ ಪತ್ತೆಯ ಪ್ಲಗಿನ್ (ಹೆಚ್ಚುವರಿ ಜೋಡಣೆ) ಹಾಕುವುದು ಹತ್ತು ನಿಮಿಷದ ಕೆಲಸ. ಹಾಕಿದ್ದು ಓಡುವಂತಾಗಲು ಮೊದಲ ಸಲ ನನಗೆ ಎರಡು ದಿನ ಹಿಡಿಯಿತು. ನಾನು ಹಾಕಿದ್ದು ಟರ್ನಿಟಿನ್. ಬೇರೆಯವುಗಳ ದಾರಿಯೂ ಹೆಚ್ಚುಕಡಿಮೆ ಇದೇ.

ಮೊದಲು ಡೇಟಾಬೇಸ್ ಮತ್ತು ಕಡತಗಳ ಬ್ಯಾಕಪ್. ನಿಮ್ಮ ಮೂಡಲ್ ಆವೃತ್ತಿಗೆ ಹೊಂದುವ ಜಿಪ್ ಕಡತವನ್ನೇ ಇಳಿಸಿಕೊಂಡು, ಸೈಟ್ ಅಡ್ಮಿನಿಸ್ಟ್ರೇಷನ್‌ನ 'ಇನ್‌ಸ್ಟಾಲ್ ಪ್ಲಗಿನ್ಸ್' ಪುಟದಲ್ಲಿ ಹಾಕಿ. ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲವೆಂದು ಮೂಡಲ್ ತಕರಾರು ತೆಗೆದರೆ ಸರ್ವರಿನಲ್ಲಿ 'ಪ್ಲೇಜಿಯರಿಸಂ' ಫೋಲ್ಡರಿನೊಳಗೆ ನೀವೇ ಬಿಚ್ಚಿಡಬೇಕು. ಒಳಗಿನ ಫೋಲ್ಡರಿನ ಹೆಸರು ಬರಿಯ 'ಟರ್ನಿಟಿನ್' ಎಂದಿರಲಿ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಿಂದ ತಂದ ಜಿಪ್ ತನ್ನ ಹೆಸರಿಗೆ ಉದ್ದನೆಯ ಬಾಲ ಅಂಟಿಸಿಕೊಂಡು ಬರುತ್ತದೆ. ಅದನ್ನು ಕತ್ತರಿಸದಿದ್ದರೆ ಕೆಲಸ ಕೆಟ್ಟಿತು. ಆಮೇಲೆ 'ನೋಟಿಫಿಕೇಷನ್ಸ್' ಪುಟ ತೆರೆದು ಡೇಟಾಬೇಸ್ ನವೀಕರಿಸಿ.

ಪ್ಲಗಿನ್ ಪಟ್ಟಿಯಲ್ಲಿ ಹೆಸರು ಕಂಡಿತೆಂದು ನಾನು ಸಂಭ್ರಮಿಸಿದೆ. ಅಸೈನ್‌ಮೆಂಟ್ ತೆರೆದರೆ ಅದರ ಸುಳಿವೇ ಇಲ್ಲ. 'ಅಡ್ವಾನ್ಸ್ಡ್ ಫೀಚರ್ಸ್' ಪುಟದಲ್ಲಿ 'ಎನೇಬಲ್ ಪ್ಲೇಜಿಯರಿಸಂ ಪ್ಲಗಿನ್ಸ್' ಎಂಬ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕುವವರೆಗೆ ಪ್ಲಗಿನ್ ಇದ್ದೂ ಇಲ್ಲದಂತೆ. ನನ್ನ ಮೊದಲ ದಿನ ಹೋದದ್ದು ಅಲ್ಲೇ.

ಮುಂದೆ ಪ್ಲಗಿನ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಟರ್ನಿಟಿನ್‌ನ ಖಾತೆ ಸಂಖ್ಯೆ, ರಹಸ್ಯ ಕೀಲಿ, ಎಪಿಐ ವಿಳಾಸ (ಮೂಡಲ್ ಟರ್ನಿಟಿನ್ ಜೊತೆ ಮಾತಾಡುವ ವಿಳಾಸ) ತುಂಬಿ, ಅಲ್ಲಿಯೇ ಇರುವ ಗುಂಡಿ ಒತ್ತಿ ಸಂಪರ್ಕ ಪರೀಕ್ಷಿಸಿ. ಸೋತರೆ ಕೀಲಿಯ ಹಿಂದೆಮುಂದೆ ಒಂದು ಖಾಲಿ ಜಾಗ ಅಂಟಿಕೊಂಡಿದೆಯೇ ನೋಡಿ, ಆಮೇಲೆ ಫೈರ್‌ವಾಲ್ ನೋಡಿಕೊಳ್ಳುವವರ ಬಾಗಿಲು ತಟ್ಟಿ.

ಎರಡನೆಯ ದಿನ ತಿಂದದ್ದು ಕ್ರಾನ್, ಅಂದರೆ ಸರ್ವರಿನಲ್ಲಿ ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ. ವಿದ್ಯಾರ್ಥಿ ಸಲ್ಲಿಸಿದ ಕೂಡಲೇ ಪ್ರಬಂಧ ಟರ್ನಿಟಿನ್‌ಗೆ ಹೋಗುವುದಿಲ್ಲ; ಸರತಿಯಲ್ಲಿ ನಿಲ್ಲುತ್ತದೆ. ಅದನ್ನು ಕಳಿಸುವುದೂ ವರದಿ ತರುವುದೂ ಕ್ರಾನ್‌ನ ಕೆಲಸ. ಅದು ನಿಮಿಷಕ್ಕೊಮ್ಮೆ ಓಡಬೇಕೆಂದು ಮೂಡಲ್ ಕೇಳುತ್ತದೆ. ನಮ್ಮಲ್ಲಿ ಅದು ಓಡುತ್ತಿದ್ದದ್ದು ರಾತ್ರಿಗೊಮ್ಮೆ. 'ಶೆಡ್ಯೂಲ್ಡ್ ಟಾಸ್ಕ್ಸ್' ಪುಟದಲ್ಲಿ ಕೊನೆಯ ಬಾರಿ ಓಡಿದ ಹೊತ್ತು ಬರೆದಿರುತ್ತದೆ, ಅದನ್ನು ನೋಡಿದರೆ ಸಾಕಿತ್ತು.

ಇನ್ನು ಪರೀಕ್ಷೆ ಮಾಡಿ ನೋಡುವ ವಿಚಾರ. ನಕಲಿ ವಿದ್ಯಾರ್ಥಿ ಖಾತೆಯೊಂದನ್ನು ಮಾಡಿ, ಕೈಗೆ ಸಿಕ್ಕ ಒಂದು ನಿಜವಾದ ಪ್ರಬಂಧದ ಕರಡನ್ನೇ ಸಲ್ಲಿಸಿದೆ. 'ಸ್ಟೋರ್ ಸ್ಟೂಡೆಂಟ್ ಪೇಪರ್ಸ್' ಎಂಬಲ್ಲಿ 'ನೋ ರೆಪಾಸಿಟರಿ' ಆರಿಸದೇ ಇದ್ದುದರಿಂದ ಕರಡು, ಟರ್ನಿಟಿನ್ ಹೊಸ ಬರಹಗಳನ್ನು ಹೋಲಿಸಿ ನೋಡುವ ಭಂಡಾರಕ್ಕೆ ಸೇರಿಹೋಯಿತು. ವಾರ ಕಳೆದು ಅದನ್ನು ಬರೆದ ಹುಡುಗಿಯೇ ಅಂತಿಮ ಪ್ರತಿ ಸಲ್ಲಿಸಿದಾಗ ಪಕ್ಕದಲ್ಲಿ ಹೋಲಿಕೆಯ ದೊಡ್ಡ ಶೇಕಡಾವಾರು ಕೆಂಪು ಬಣ್ಣದಲ್ಲಿ ಮೂಡಿತು. ತನ್ನದೇ ಬರಹವನ್ನು ತಾನೇ ಕದ್ದ ಆರೋಪ! ಅಧ್ಯಾಪಕರಿಗೆ ವಿವರಣೆ ಬರೆದುಕೊಟ್ಟು, ಆ ಕರಡನ್ನು ಭಂಡಾರದಿಂದ ಅಳಿಸುವಂತೆ ಕೋರಿಕೆ ಕಳಿಸಿದೆ. ಈಗ ಪರೀಕ್ಷೆಗೆ ನಾನೇ ಗೀಚಿದ ಒಂದು ಪುಟ ಇಟ್ಟುಕೊಂಡಿದ್ದೇನೆ. ಅದರಲ್ಲಿ 20 ಪದಗಳಿಗಿಂತ ಕಡಿಮೆ ಇದ್ದರೆ ಟರ್ನಿಟಿನ್ ಮುಟ್ಟುವುದೇ ಇಲ್ಲ.