ಬೋರ್ ನೀರು, ಕ್ರಷರ್ ಧೂಳು, ಕಾರಿಗೆ ವ್ಯಾಕ್ಸ್

ಚಿಕ್ಕಬಳ್ಳಾಪುರದಲ್ಲಿ ಕಾರಿಗೆ ವ್ಯಾಕ್ಸ್ ಹಚ್ಚುವುದು ಹೊಳಪಿಗಲ್ಲ. ಹೊಳಪು ಬಂದರೆ ಸಂತೋಷ. ಆದರೆ ಬೆಳಿಗ್ಗೆ ಹೊಳೆದ ಬಾನೆಟ್ಟು ಸಂಜೆ ಪೇರೇಸಂದ್ರದ ಕಡೆಯಿಂದ ವಾಪಸ್ ಬರುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಆ ಧೂಳು ಗಟ್ಟಿಯಾಗಿ ಅಂಟಿಕೊಳ್ಳದೆ, ನೀರು ಹಾಕಿದ ಕೂಡಲೇ ಬಿಟ್ಟುಹೋಗಲಿ ಅಂತ ನಾನು ವ್ಯಾಕ್ಸ್ ಹಚ್ಚುತ್ತೇನೆ. ಇದನ್ನು ಒಪ್ಪಿಕೊಂಡರೆ ಯಾವ ಡಬ್ಬಿ ಕೊಳ್ಳಬೇಕು ಅನ್ನುವ ಗೊಂದಲ ಅರ್ಧ ಕಮ್ಮಿಯಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದಿನಾ 44ನೇ ನಂಬರ್ ಹೆದ್ದಾರಿಯಲ್ಲಿ ಜಲ್ಲಿ ಟಿಪ್ಪರ್‌ಗಳ ಜೊತೆ ಓಡಾಟ. ಕಾರಿನ ಬಣ್ಣ ಕಡು ನೀಲಿ. ಬಣ್ಣ ಆರಿಸಿದ್ದು ಮಗಳು, ತೊಳೆಯುವ ಪಾಡು ನನ್ನದು. ಬಿಳಿ, ಬೆಳ್ಳಿ ಬಣ್ಣದ ಕಾರಿನವರು ಪುಣ್ಯವಂತರು, ಗೀರು ಅಷ್ಟಾಗಿ ಕಾಣುವುದಿಲ್ಲ. ಮನೆಗೆ ಶೆಡ್ ಇಲ್ಲ, ಮುಂದಿನ ಹೊಂಗೆ ಮರವೇ ನೆರಳು. ಮಾರ್ಚ್, ಏಪ್ರಿಲ್‌ನಲ್ಲಿ ಅದರ ಹೂವು, ವರ್ಷವಿಡೀ ಹಕ್ಕಿಗಳ ಹಿಕ್ಕೆ.

ಇವತ್ತಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸುಮಾರು 40-50 ಮೈಕ್ರಾನ್. ನಮ್ಮ ತಲೆಕೂದಲಿಗಿಂತ ತೆಳು. ವ್ಯಾಕ್ಸ್ ಇದರ ಮೇಲೆ ಕೂರುತ್ತದೆ ಅಷ್ಟೇ, ಏನನ್ನೂ ತೆಗೆಯುವುದಿಲ್ಲ. ಪಾಲಿಶ್ ಹಾಗಲ್ಲ. ಅದರಲ್ಲಿ ನುಣ್ಣನೆಯ ಪುಡಿ ಇರುತ್ತದೆ, ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸಿ ಗೀರು ಮಾಯ ಮಾಡುತ್ತದೆ. ಅಂಗಡಿಯಲ್ಲಿ ಎರಡಕ್ಕೂ "ವ್ಯಾಕ್ಸ್ ಪಾಲಿಶ್" ಅಂತಲೇ ಹೇಳಿ ಕೊಡುತ್ತಾರೆ. ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದಿ. ಕ್ಲೀನರ್ ವ್ಯಾಕ್ಸ್ ಅಂತ ಇದ್ದರೆ ಅದರಲ್ಲೂ ಸ್ವಲ್ಪ ಉಜ್ಜುವ ಗುಣ ಇರುತ್ತದೆ. ಬಣ್ಣ ಮಂಕಾಗಿರುವ ಹಳೇ ಕಾರಿಗೆ ಒಂದು ಸಲಕ್ಕೆ ಸರಿ, ಪ್ರತಿ ಸಲ ಬೇಡ.

ಯಾವುದನ್ನು ಕೊಳ್ಳುವುದು

ಕಾರ್ನೌಬಾ ವ್ಯಾಕ್ಸ್‌ಗೆ ದೊಡ್ಡ ಹೆಸರು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಅದು. ಜೇನುಮೇಣ 62-64 ಡಿಗ್ರಿಗೆ ಕರಗಿದರೆ, ಇದು ಕರಗಲು 80 ಡಿಗ್ರಿ ದಾಟಬೇಕು. ಹಾಗಂತ ಬಿಸಿಲಿಗೆ ಜಗ್ಗುವುದಿಲ್ಲ ಅಂದುಕೊಳ್ಳಬೇಡಿ. ಡಬ್ಬಿಯಲ್ಲಿ ಇರುವುದು ಬರೀ ಕಾರ್ನೌಬಾ ಅಲ್ಲ, ಎಣ್ಣೆ, ದ್ರಾವಕ ಎಲ್ಲ ಸೇರಿದ ಪೇಸ್ಟ್. ಕಪ್ಪು ಬಣ್ಣದ ಮೇಲೆ ಇದರಷ್ಟು ಆಳವಾದ ಹೊಳಪು ಬೇರೆ ಯಾವುದೂ ಕೊಡುವುದಿಲ್ಲ ಅನ್ನುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ದಿನವಿಡೀ ಶಾಲೆಯ ಬಯಲಿನಲ್ಲಿ ನಿಲ್ಲುವ ಕಾರಿನ ಮೇಲೆ ಒಂದೆರಡು ತಿಂಗಳು ಉಳಿದರೆ ಹೆಚ್ಚು.

ಸಿಂಥೆಟಿಕ್ ವ್ಯಾಕ್ಸ್ ಅಥವಾ ಸೀಲಂಟ್ ಪಾಲಿಮರ್‌ನಿಂದ ಮಾಡಿದ್ದು. ನಾಲ್ಕರಿಂದ ಆರು ತಿಂಗಳು ಅಂತ ಕಂಪನಿಗಳು ಹೇಳುತ್ತವೆ, ಬಿಸಿಲಲ್ಲಿ ನಿಲ್ಲುವ ಕಾರಿಗೆ ಸ್ವಲ್ಪ ಕಳೆದು ಲೆಕ್ಕ ಹಾಕಿ. ಸ್ಪ್ರೇ ವ್ಯಾಕ್ಸ್ ಹಚ್ಚುವುದು ಸುಲಭ, ಕೆಲವು ವಾರಕ್ಕೇ ಮುಗಿಯುತ್ತದೆ.

ನನ್ನ ಲೆಕ್ಕ ಸರಳ. ಕಾರು ಬಯಲಲ್ಲಿ ನಿಲ್ಲುತ್ತದೆಯೇ, ಸೀಲಂಟ್ ತಗೊಳ್ಳಿ. ಶೆಡ್ ಇದೆ, ಭಾನುವಾರ ಬಿಡುವಿದೆ, ಹಚ್ಚುವುದೇ ಖುಷಿ ಅಂದರೆ ಕಾರ್ನೌಬಾ. ನಡುವೆ ಯಾವಾಗಲಾದರೂ ತೊಳೆದ ಮೇಲೆ ಸವರಲು ಒಂದು ಸ್ಪ್ರೇ ಇದ್ದರೆ ಅನುಕೂಲ. ತ್ರೀಎಂ, ಟರ್ಟಲ್ ವ್ಯಾಕ್ಸ್, ಫಾರ್ಮುಲಾ ಒನ್ ಇಂಥ ಹೆಸರುಗಳು ಎಲ್ಲ ಕಡೆ ಸಿಗುತ್ತವೆ. ಹೆಸರಿಗಿಂತ ಬಗೆ ಮುಖ್ಯ. ದುಡ್ಡು ಉಳಿದರೆ ದುಬಾರಿ ಡಬ್ಬಿಗೆ ಹಾಕಬೇಡಿ, ಒಳ್ಳೆಯ ಮೈಕ್ರೋಫೈಬರ್ ಬಟ್ಟೆಗೆ ಹಾಕಿ.

ಮ್ಯಾಟ್ ಬಣ್ಣದ ಕಾರಿಗೆ ವ್ಯಾಕ್ಸ್ ಬೇಡವೇ ಬೇಡ. ಗುದ್ದಿಸಿಕೊಂಡು ಹೊಸದಾಗಿ ಪೇಂಟ್ ಮಾಡಿಸಿದ್ದರೆ ಪೇಂಟ್ ಮಾಡಿದವರನ್ನೇ ಕೇಳಿ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬಿಡಲು ಹೇಳುತ್ತಾರೆ, ಒಳಗಿನ ದ್ರಾವಕ ಆರಬೇಕಲ್ಲ.

ತೊಳೆಯುವುದೇ ಮುಕ್ಕಾಲು ಕೆಲಸ

ವ್ಯಾಕ್ಸ್ ಹಚ್ಚುವುದಕ್ಕಿಂತ ಇದಕ್ಕೇ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ, ಕ್ರಷರ್‌ಗಳಿಂದ ಬರುವ ಗ್ರಾನೈಟ್ ಪುಡಿ. ಅದರಲ್ಲಿ ಕ್ವಾರ್ಟ್ಜ್ ಇರುತ್ತದೆ. ಮೋಸ್ ಗಡಸುತನದ ಪಟ್ಟಿಯಲ್ಲಿ ಕ್ವಾರ್ಟ್ಜ್‌ಗೆ 7, ಗಾಜಿಗೆ ಸುಮಾರು ಐದೂವರೆ. ಗಾಜನ್ನೇ ಗೀರುವ ಪುಡಿಗೆ ನಿಮ್ಮ ಕಾರಿನ ಬಣ್ಣ ಯಾವ ಲೆಕ್ಕ? ಬೆಳಿಗ್ಗೆ ಎದ್ದು ಹಳದಿ ಬಟ್ಟೆಯಲ್ಲಿ ಒಣ ಧೂಳನ್ನು ಪಟಪಟ ಹೊಡೆದು ಒರೆಸುವ ಅಭ್ಯಾಸ ಇದೆಯಲ್ಲ, ಅದನ್ನು ಬಿಟ್ಟರೇ ಕಾರಿನ ಅರ್ಧ ಗೀರು ತಪ್ಪುತ್ತದೆ.

ನಮ್ಮ ಪಕ್ಕದ ಮನೆಯ ತಾತ ಬಹಳ ವರ್ಷ ಲಾರಿ ಓಡಿಸಿದವರು. ನಾನು ಬಕೆಟ್ ಹಿಡಿದು ನಿಂತಾಗೆಲ್ಲ ಹೇಳುತ್ತಾರೆ: "ಏನ್ ಟೀಚರಮ್ಮ, ಎರಡು ಹನಿ ಸೀಮೆಎಣ್ಣೆ ಹಾಕಿ ಒರೆಸಮ್ಮ, ಕನ್ನಡಿ ಥರ ಆಗುತ್ತೆ." ಆಗುತ್ತದೆ, ಸುಳ್ಳಲ್ಲ. ಎಣ್ಣೆ ಪಸೆ ಹೊಳೆಯುತ್ತದೆ, ಆಮೇಲೆ ದಾರಿಯಲ್ಲಿ ಹೋಗುವ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ತಾತನಿಗೆ ಎದುರು ಮಾತಾಡುವುದಿಲ್ಲ, ನಕ್ಕು ಸುಮ್ಮನಾಗುತ್ತೇನೆ.

ಮೊದಲು ಬರೀ ನೀರು ಹಾಕಿ ಧೂಳು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲ್ಛಾವಣಿಯಿಂದ ಶುರು ಮಾಡಿ ಕೆಳಗೆ ಬನ್ನಿ, ಚಕ್ರದ ಪಕ್ಕದ ಭಾಗ ಕೊನೆಗೆ. ಬಟ್ಟೆ ಒಗೆಯುವ ಪುಡಿ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಹಳೇ ವ್ಯಾಕ್ಸನ್ನು ಕಿತ್ತುಹಾಕುತ್ತದೆ. ಹೊಸ ವ್ಯಾಕ್ಸ್‌ಗೆ ಮುಂಚೆ ಒಂದು ಸಲ ಬಳಸಿದರೆ ತೊಂದರೆಯಿಲ್ಲ, ವಾರ ವಾರ ಬೇಡ.

ಶಾಂಪೂ ಸೌಮ್ಯವಾಗಿದೆಯೇ ಅಂತ ನೋಡಲು ಹತ್ತನೇ ಕ್ಲಾಸಿನ ಪ್ರಯೋಗವೇ ಸಾಕು. ಒಂದು ಲೋಟದಲ್ಲಿ ಆರ್‌ಒ ನೀರಿಗೆ ಸ್ವಲ್ಪ ಶಾಂಪೂ ಹಾಕಿ, ಚಿಟಿಕೆ ಅರಿಶಿನ ಉದುರಿಸಿ ಕಲಕಿ. ಹಳದಿಯಾಗಿಯೇ ಉಳಿದರೆ ಸರಿ. ಕೆಂಪಗೆ ತಿರುಗಿದರೆ ಅದು ಪ್ರತ್ಯಾಮ್ಲ, ಕ್ಷಾರ ಜಾಸ್ತಿ ಇದೆ ಅಂತ ಅರ್ಥ. ಅಂಥದ್ದು ವ್ಯಾಕ್ಸನ್ನು ಬೇಗ ಸವೆಸುತ್ತದೆ. ಬೋರ್ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ನೀರಿನ ಕ್ಷಾರವೂ ಅದರಲ್ಲಿ ಸೇರಿಬಿಡುತ್ತದೆ.

ಈಗ ಬೋರ್ ನೀರಿನ ವಿಚಾರ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಬೋರ್ ಆಳಕ್ಕೆ ಹೋದಷ್ಟೂ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ನೀರು ಆರಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತವೆ. ವ್ಯಾಕ್ಸ್ ಇದ್ದರೆ ಚುಕ್ಕೆ ಬೀಳುವುದೇ ಇಲ್ಲ ಅನ್ನುವುದು ಸುಳ್ಳು. ವ್ಯಾಕ್ಸ್ ಮೇಲೆ ನೀರು ಹನಿ ಹನಿಯಾಗಿ ನಿಲ್ಲುತ್ತದೆ, ಬಿಸಿಲಿಗೆ ಬಿಟ್ಟರೆ ಪ್ರತಿ ಹನಿಯೂ ಒಂದು ಉಂಗುರ ಬಿಟ್ಟು ಹೋಗುತ್ತದೆ. ಲಾಭ ಏನಂದರೆ ಆ ಉಂಗುರ ವ್ಯಾಕ್ಸ್ ಮೇಲೆ ಕೂತಿರುತ್ತದೆ, ಬೇಗ ಬಿಡುತ್ತದೆ.

ಹಾಗಾಗಿ ಕೊನೆಯ ನೀರು ಬೋರ್ ನೀರಾಗದಿರಲಿ. ಊರಿನ ಶುದ್ಧ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನಿನಲ್ಲಿ ಅರ್ಧದಷ್ಟನ್ನು ಗಿಡಕ್ಕೆ ನೀರು ಹಾಕುವ ಶವರ್ ಕ್ಯಾನಿಗೆ ತುಂಬಿ ಮೇಲಿನಿಂದ ಸುರಿಯಿರಿ. ಕೂಡಲೇ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಒತ್ತಿ ಎತ್ತಿ. ಮಳೆಗಾಲದಲ್ಲಿ ತಾರಸಿಯ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಈಗಾಗಲೇ ಕೂತಿರುವ ಬಿಳಿ ಕಲೆಗೆ ವಿನೆಗರ್ ಮತ್ತು ಆರ್‌ಒ ನೀರು ಸಮಸಮ ಬೆರೆಸಿ, ಬಟ್ಟೆ ನೆನೆಸಿ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ನೆರಳಿನಲ್ಲಿ ಮಾತ್ರ. ಅಷ್ಟಕ್ಕೂ ಬಿಡದಿದ್ದರೆ ಕಲೆ ಕ್ಲಿಯರ್ ಕೋಟಿನ ಒಳಗೆ ಇಳಿದಿದೆ, ಅದು ಪಾಲಿಶ್ ಕೆಲಸ.

ಒಣಗಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿ ತರಿ ಕವರ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ತರಿ ಇದ್ದರೆ ಕ್ಲೇ ಬಾರ್ ಬೇಕು. ಶಾಂಪೂ ನೀರು ಚಿಮುಕಿಸಿ, ಜೇಡಿಯಂಥ ಆ ತುಂಡನ್ನು ಒತ್ತದೆ ಜಾರಿಸಿ. ಕೊಳೆಯಾದ ಹಾಗೆ ನಾದಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿದ್ದರೆ ಬಿಸಾಡಿ, ಯೋಚನೆ ಮಾಡಬೇಡಿ. ವರ್ಷಕ್ಕೆ ಒಂದೆರಡು ಸಲ ಸಾಕು.

ಹಚ್ಚುವ ದಿನ

ಬೆಳಿಗ್ಗೆ ಬೇಗ, ಬಿಸಿಲು ಏರುವ ಮುಂಚೆ. ಮುಂಗೈಯಿಂದ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಆಷಾಢದ ಗಾಳಿಯಲ್ಲಿ ಬೇಡ, ಹಚ್ಚುತ್ತಿರುವಾಗಲೇ ಧೂಳು ಬಂದು ಕೂರುತ್ತದೆ. ಹೊಂಗೆ ಮರದ ಕೆಳಗೂ ಬೇಡ. ಆ ಒಂದು ದಿನ ಕಾರನ್ನು ಮನೆಯ ನೆರಳು ಬೀಳುವ ಕಡೆ ತಿರುಗಿಸಿ ನಿಲ್ಲಿಸಿ.

ಆಯುಧಪೂಜೆಗೆ ಒಂದು ವಾರ ಮುಂಚೆ ಹಚ್ಚುವುದು ನಮ್ಮನೆ ಪದ್ಧತಿ. ಕುಂಕುಮ, ಅರಿಶಿನ, ವಿಭೂತಿ ಎಲ್ಲ ವ್ಯಾಕ್ಸ್ ಇರುವ ಬಣ್ಣದ ಮೇಲಿಂದ ಸಲೀಸಾಗಿ ಬಿಡುತ್ತವೆ. ಅರಿಶಿನದ ಹಳದಿ ಸ್ವಲ್ಪ ಉಳಿದರೂ ಗಾಬರಿ ಬೇಡ, ಬಿಸಿಲಿಗೆ ತಾನೇ ಮಾಸುತ್ತದೆ. ಕುಂಕುಮವನ್ನು ಒಣಗಿದಾಗ ಉಜ್ಜಬೇಡಿ, ನೀರು ಬಿಟ್ಟು ಇಳಿಸಿ.

ಕಪ್ಪು ಪ್ಲಾಸ್ಟಿಕ್ ಇರುವ ಕಡೆಯೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ವ್ಯಾಕ್ಸ್ ತಾಗಿದರೆ ಅಲ್ಲಿ ಬೆಳ್ಳಗೆ ಕಲೆ ಉಳಿಯುತ್ತದೆ. ತಾಗಿಯೇ ಬಿಟ್ಟರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಬಹಳಷ್ಟು ಹೋಗುತ್ತದೆ. ಮುಂದಿನ ಗಾಜಿಗೆ ಹಚ್ಚಬೇಡಿ. ಮಳೆಯಲ್ಲಿ ವೈಪರ್ ಕಿರಿಕಿರಿ ಮಾಡುತ್ತದೆ, ಗಾಜು ಮಸುಕಾಗುತ್ತದೆ.

ಸ್ಪಾಂಜ್ ಪ್ಯಾಡಿಗೆ ಹತ್ತು ರೂಪಾಯಿ ನಾಣ್ಯದಷ್ಟು ವ್ಯಾಕ್ಸ್ ತೆಗೆದುಕೊಳ್ಳಿ. ಅರ್ಧ ಬಾನೆಟ್‌ಗೆ ಅದು ಸಾಕು. ಪಾಠ ಕೇಳಲು ಬರುವ ಹುಡುಗನೊಬ್ಬ ನಿಂತು ನೋಡುತ್ತಾ ಕೇಳಿದ್ದ: "ಮಿಸ್, ಜಾಸ್ತಿ ಹಚ್ಚಿದ್ರೆ ಜಾಸ್ತಿ ದಿನ ಬರುತ್ತೆ ಅಲ್ವಾ?" ಬರುವುದಿಲ್ಲ. ಬಣ್ಣಕ್ಕೆ ಹಿಡಿಯುವುದು ತೆಳು ಪದರ ಮಾತ್ರ, ಉಳಿದದ್ದೆಲ್ಲ ಬಟ್ಟೆಗೆ ಹೋಗುತ್ತದೆ, ಜೊತೆಗೆ ಒರೆಸಲು ತೋಳು ಬಿದ್ದುಹೋಗುತ್ತದೆ. ದೋಸೆ ಕಾವಲಿಗೆ ಎಣ್ಣೆ ಸವರುವ ಹಾಗೆ, ಹಚ್ಚಿದ್ದು ಕಂಡೂ ಕಾಣದಂತಿರಲಿ.

ಒಂದೊಂದೇ ಭಾಗ ಹಚ್ಚಿ: ಅರ್ಧ ಬಾನೆಟ್, ಒಂದು ಬಾಗಿಲು, ಹೀಗೆ. ಪೇಸ್ಟ್ ಆದರೆ ಸ್ವಲ್ಪ ಹೊತ್ತಿಗೆ ಮಂಜು ಕವಿದಂತೆ ಮಸುಕಾಗುತ್ತದೆ. ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸಬಹುದು, ಅಂಟು ಅಂಟಾಗಿ ಹರಡಿದರೆ ಇನ್ನೂ ಕಾಯಿರಿ. ಮೋಡ ಕವಿದ ದಿನ ಜಾಸ್ತಿ ಹೊತ್ತು ಹಿಡಿಯುತ್ತದೆ. ಕೆಲವು ಲಿಕ್ವಿಡ್‌ಗಳನ್ನು ಆರಲು ಬಿಡದೆ ಆಗಲೇ ಒರೆಸಬೇಕು, ಅದು ಡಬ್ಬಿಯ ಮೇಲೇ ಇರುತ್ತದೆ. ಒರೆಸಲು ಎರಡು ಬಟ್ಟೆ: ಮೊದಲನೆಯದು ತೆಗೆಯಲು, ಎರಡನೆಯದು ಹೊಳಪಿಗೆ. ಆಗಾಗ ಮಡಿಕೆ ತಿರುಗಿಸುತ್ತಾ ಇರಿ. ಎರಡನೇ ಕೋಟ್ ಬೇಕಿದ್ದರೆ ಕೆಲವು ಗಂಟೆ ಬಿಟ್ಟು ಹಚ್ಚಿ. ದಪ್ಪಕ್ಕಲ್ಲ, ಮೊದಲ ಸಲ ಬಿಟ್ಟುಹೋದ ಜಾಗ ತುಂಬಲು.

ಆಮೇಲೆ ಯಾವಾಗ ಮತ್ತೆ ಹಚ್ಚಬೇಕು? ಕ್ಯಾಲೆಂಡರ್ ಬೇಡ, ನೀರು ಹೇಳುತ್ತದೆ. ತೊಳೆಯುವಾಗ ನೀರು ಹನಿ ಕಟ್ಟಿ ಉರುಳಿದರೆ ವ್ಯಾಕ್ಸ್ ಇದೆ. ಚಪ್ಪಟೆಯಾಗಿ ಹರಡಿ ನಿಂತರೆ ಹೋಗಿದೆ. ಮೇಲ್ಛಾವಣಿ, ಬಾನೆಟ್‌ನಲ್ಲಿ ಮೊದಲು ಹೋಗುತ್ತದೆ, ಬಿಸಿಲು ಬೀಳುವುದು ಅಲ್ಲೇ ತಾನೇ. ಹಾಗಾದಾಗ ಅವೆರಡಕ್ಕೆ ಮಾತ್ರ ಹಚ್ಚಿದರೂ ನಡೆಯುತ್ತದೆ.

ಹಿಕ್ಕೆ ಬಿದ್ದರೆ ಮಾತ್ರ ವ್ಯಾಕ್ಸ್ ಇದೆಯಲ್ಲ ಅಂತ ಬಿಡಬೇಡಿ. ಅದರಲ್ಲಿ ಯೂರಿಕ್ ಆಮ್ಲ ಇದೆ, ಬಿಸಿಲಿಗೆ ಕಾದರೆ ಕ್ಲಿಯರ್ ಕೋಟನ್ನು ತಿನ್ನುತ್ತದೆ. ನೆನೆದ ಬಟ್ಟೆಯನ್ನು ಮೇಲಿಟ್ಟು ಮೆತ್ತಗಾದ ಮೇಲೆ ಎತ್ತಿ, ಉಜ್ಜಬೇಡಿ. ನೇರಳೆ ಹಣ್ಣಿನ ಕಾಲದಲ್ಲಿ ಕಾರಿನಲ್ಲೇ ಒಂದು ನೀರಿನ ಬಾಟಲಿ, ಬಟ್ಟೆ ಇಟ್ಟುಕೊಂಡಿರುತ್ತೇನೆ.

ಡಬ್ಬಿಯನ್ನು ಬೇಸಿಗೆಯಲ್ಲಿ ಡಿಕ್ಕಿಯಲ್ಲಿ ಇಡಬೇಡಿ, ದ್ರಾವಕ ಆರಿ ವ್ಯಾಕ್ಸ್ ಗಟ್ಟಿಯಾಗುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ, ಹತ್ತಿಯ ನೂಲು ಸಿಕ್ಕಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಕೂಡ ಬೇಡ, ಅದು ಎಳೆಗಳನ್ನು ಮುಚ್ಚಿ ನೀರು ಹೀರದಂತೆ ಮಾಡುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮಾತ್ರ ಒಗೆದರೂ ಬಣ್ಣಕ್ಕೆ ಮುಟ್ಟಿಸಬೇಡಿ, ಟೈರು ಒರೆಸಲು ಇಟ್ಟುಕೊಳ್ಳಿ.